ವೈದ್ಯೆಯ ಮನೆಯಲ್ಲಿ ತಪ್ಪಿದ ಲಸಿಕೆ

ಹೊಲದಲ್ಲಿ ದುಡಿಯುವ ದಂಪತಿಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿಯುವ ವೈದ್ಯೆಗೂ ಒಂದು ವಿಷಯದಲ್ಲಿ ಸಾಮ್ಯವಿದೆ. ಬಿತ್ತನೆಗೆ ಹದವಾದ ಮಳೆ ಬಂದಾಗ, ಮನೆಯಲ್ಲಿ ಕೆಲಸವಿದೆಯೆಂದು ರೈತನು ಸುಮ್ಮನಿರಲಾರನು. ಹೆರಿಗೆಯ ನೋವು ತಿನ್ನುತ್ತಿರುವ ತಾಯಿಯನ್ನು ಬಿಟ್ಟು, ತನ್ನ ಮಗುವಿಗೆ ಉಣಿಸಿ ಬರುವೆನೆಂದು ವೈದ್ಯೆಯೂ ಹೊರಡಲಾರಳು. ವೇಳೆಯು ತಮ್ಮ ಕೈಯಲ್ಲಿಲ್ಲದ ಇಂತಹವರು ಸಂಸಾರವನ್ನು ಹೇಗೆ ಸರಿದೂಗಿಸಬೇಕೆಂಬುದನ್ನು, ನನ್ನ ಮನೆಯಲ್ಲಿಯೇ ಆದ ಒಂದು ತಪ್ಪಿನ ಮೂಲಕ ವಿವರಿಸುತ್ತೇನೆ.

ಬಯಲು ಪ್ರದೇಶದಲ್ಲಿ ಸುಮಾರು 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಯಮ. ನಮ್ಮ ಕೇಂದ್ರಕ್ಕೆ ವೈದ್ಯಾಧಿಕಾರಿ ನಾನೊಬ್ಬಳೇ. ಬೆಳಿಗ್ಗೆ ಹೊರರೋಗಿಗಳು, ಮಧ್ಯಾಹ್ನ ಉಪಕೇಂದ್ರಗಳ ಭೇಟಿ, ಸಂಜೆ ವರದಿಗಳು; ರಾತ್ರಿ ಹೆರಿಗೆಯೋ ಹಾವು ಕಡಿತವೋ ಬಂದರೆ ಮತ್ತೆ ಕೇಂದ್ರಕ್ಕೆ ಓಟ. ನನ್ನ ಪತಿ ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು. ಮೊದಲ ಮಗಳು ಹುಟ್ಟಿದಾಗ ಆರು ತಿಂಗಳ ಹೆರಿಗೆ ರಜೆ ದೊರೆತುದರಿಂದ, ಆ ಅವಧಿಯುದ್ದಕ್ಕೂ ಮಗುವಿಗೆ ಎದೆಹಾಲನ್ನು ಮಾತ್ರ ಕೊಡಲು ಸಾಧ್ಯವಾಯಿತು. ತೊಡಕು ಆರಂಭವಾದುದು ರಜೆ ಮುಗಿದ ಮೇಲೆ.

ಮಗುವಿಗೆ ಒಂಬತ್ತು ತಿಂಗಳು ತುಂಬಿದೊಡನೆ ದಡಾರ ಮತ್ತು ರುಬೆಲ್ಲಾ ಲಸಿಕೆಯ ಮೊದಲನೆಯ ಚುಚ್ಚುಮದ್ದನ್ನು ಹಾಕಿಸಬೇಕು. ಪ್ರತಿ ಗುರುವಾರ ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿಸುತ್ತಿದ್ದ ನಾನು, ತಡವಾಗಿ ಬಂದ ತಾಯಂದಿರನ್ನು ಗದರಿಸಿದ್ದೂ ಉಂಟು. ಗದರಿಸುವುದು ಒಳ್ಳೆಯ ಅಭ್ಯಾಸವಲ್ಲವೆಂದು ಆಮೇಲೆ ತಿಳಿಯಿತು. ಒಂದು ದಿನ ನಮ್ಮ ಆಶಾ ಕಾರ್ಯಕರ್ತೆ ಹಿಂಜರಿಯುತ್ತ, "ಮೇಡಂ, ನಿಮ್ಮ ಪಾಪುವಿನ ಹೆಸರಿನ ಮುಂದೆ ಗುರುತು ಬಿದ್ದಿಲ್ಲ" ಎಂದರು. ಮಗಳಿಗೆ ಆಗ ಹನ್ನೊಂದು ತಿಂಗಳು. ಅದೇ ವಾರ ನಮ್ಮ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಇಬ್ಬರು ಮಕ್ಕಳಿಗೆ ದಡಾರ ಬಂದಿತ್ತು. ಅವರಲ್ಲಿ ಒಂದು ಮಗು ಉಸಿರಾಡಲು ಪಡುತ್ತಿದ್ದ ಕಷ್ಟವನ್ನು ಕಂಡು, ನಾನೇ ಅದನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದ್ದೆನು.

ಮನೆಯಲ್ಲಿ ವಿಚಾರಿಸಿದಾಗ ಪತಿಯು, "ನೀನೇ ಡಾಕ್ಟರು, ನೀನು ನೋಡಿಕೊಳ್ಳುತ್ತೀಯೆಂದು ಸುಮ್ಮನಿದ್ದೆ" ಎಂದರು. ಅತ್ತೆಯವರು, "ಮನೆಯಲ್ಲೇ ಡಾಕ್ಟರಿರುವಾಗ ನಾನೇಕೆ ಹೊತ್ತು ತಿರುಗಲಿ" ಎಂದರು. ಅತ್ತೆಯವರೇ ಕರೆತಂದಿರಬಹುದೆಂದು ನಾನು ತಿಳಿದಿದ್ದೆನು! ಲಸಿಕೆಯನ್ನು ಮಾರನೆಯ ದಿನವೇ ಹಾಕಿಸಿದೆವು. ತಡವಾಯಿತೆಂದು ನಾಚಿ ಯಾರೂ ಮನೆಯಲ್ಲಿ ಕುಳಿತುಕೊಳ್ಳಬಾರದು. ಈ ಲಸಿಕೆ ತಪ್ಪಿಹೋಗಿದ್ದರೆ ಐದು ವರ್ಷ ತುಂಬುವವರೆಗೂ ಹಾಕಿಸಲು ಅವಕಾಶವಿದೆ.

ಆ ರಾತ್ರಿ ನಾನು ರಾಜೀನಾಮೆ ಬರೆಯಲು ಕುಳಿತೆನು. ಪತಿಯು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ನೀನು ಕೆಲಸ ಬಿಟ್ಟರೂ ನನಗೆ ನನ್ನ ಮಗಳ ಕಾರ್ಡು ಓದಲು ಬಂದಂತಾಗುವುದಿಲ್ಲ. ಅದನ್ನು ನನಗೆ ಕೊಡು" ಎಂದರು. ಅಂದಿನಿಂದ ತಾಯಿ ಕಾರ್ಡು ಅವರ ವಶದಲ್ಲಿದೆ. ಭಾನುವಾರ ಸಂಜೆ ಇಬ್ಬರೂ ಕುಳಿತು ಮುಂದಿನ ವಾರದ ಕೆಲಸಗಳನ್ನು ಹಂಚಿಕೊಳ್ಳುತ್ತೇವೆ. ನಾನು ರಾತ್ರಿ ಹೊರಟರೆ ಬೆಳಗಿನ ಅಡುಗೆ ಅವರದು. ಮಗನು ಪಾತ್ರೆ ತೊಳೆಯುವುದು ಅತ್ತೆಯವರಿಗೆ ಇಂದಿಗೂ ಪೂರ್ಣ ಒಪ್ಪಿಗೆಯಿಲ್ಲ.

ಕೆಲವು ತಿಂಗಳ ಬಳಿಕ ರೈತ ದಂಪತಿಗಳು ಕೇಂದ್ರಕ್ಕೆ ಬಂದರು. ಕಂಕುಳಲ್ಲಿ ಹತ್ತು ತಿಂಗಳ ಕೂಸು, ಹೊಟ್ಟೆಯಲ್ಲಿ ಮೂರು ತಿಂಗಳ ಬಸಿರು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕಾದಲ್ಲಿ ಆ ತಾಯಿಗೆ 8 ಇದ್ದಿತು. ಅಂತರದ ವಿಷಯವನ್ನು ಕೇಳಿದರೆ ಪತಿಯು, "ಅದನ್ನೆಲ್ಲ ಅವಳೇ ನೋಡ್ಕೋತಾಳೆ ತಾಯಿ" ಎಂದನು. ನಮ್ಮ ಮನೆಯಲ್ಲಿ ಕೇಳಿದ್ದ ಮಾತೇ ಅದು. ಆದುದರಿಂದ ಗದರಿಸದೆ, ನನ್ನ ಮಗಳ ಕಾರ್ಡಿನ ಕಥೆಯನ್ನು ಅವರಿಗೆ ಹೇಳಿದೆನು.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷಗಳ ಅಂತರವಿದ್ದರೆ ತಾಯಿಯ ದೇಹವು ಚೇತರಿಸಿಕೊಳ್ಳುತ್ತದೆ. ನಾನು ಮೊದಲ ಹೆರಿಗೆಯಾದ 48 ಗಂಟೆಗಳೊಳಗೆ ವಂಕಿಯನ್ನು ಹಾಕಿಸಿಕೊಂಡು, ಮಗಳಿಗೆ ಮೂರು ವರ್ಷ ತುಂಬಿದ ನಂತರ ತೆಗೆಸಿದೆನು. ಮೂರು ತಿಂಗಳಿಗೊಮ್ಮೆ ಪಡೆಯುವ 'ಅಂತರಾ' ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ನಂತರ ವಾರಕ್ಕೊಮ್ಮೆ ನುಂಗುವ 'ಛಾಯಾ' ಗುಳಿಗೆ, ಪುರುಷರಿಗೆ ನಿರೋಧ್, ಇವೆಲ್ಲವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಎರಡನೆಯ ಮಗುವಿನ ನಂತರ ನನ್ನ ಪತಿಯೇ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡರು. ಪುರುಷರ ಈ ಚಿಕಿತ್ಸೆಗೆ ಈಗ ದೊಡ್ಡ ಗಾಯವೂ ಇಲ್ಲ, ಹೊಲಿಗೆಯೂ ಇಲ್ಲ. ಎರಡು ದಿನ ವಿಶ್ರಾಂತಿ ಪಡೆದು, ಒಂದು ವಾರ ಸೈಕಲ್ಲು ತುಳಿಯದೆ ಭಾರ ಎತ್ತದೆ ಇದ್ದರಾಯಿತು. ಬಿತ್ತನೆ ಸುಗ್ಗಿಗಳಿಲ್ಲದ ದಿನಗಳನ್ನು ಇದಕ್ಕೆ ಆರಿಸಿಕೊಳ್ಳಬಹುದು. ಆದರೆ ಫಲ ಕೂಡಲೇ ಸಿಗದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಇದರಿಂದ ಗಂಡಸಿನ ಬಲ ಕುಂದುವುದೆಂಬ ಮಾತು ಸುಳ್ಳು. ಶಾಲೆಯ ಅಕ್ಕಿಮೂಟೆಗಳನ್ನು ನನ್ನ ಪತಿ ಈಗಲೂ ಹೊರುತ್ತಾರೆ.

ಇನ್ನು ರಾತ್ರಿಯ ಕರೆಗಳ ಮಾತು. ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ, ಕನಿಷ್ಠ ನಾಲ್ಕು ಬಾರಿ ಪರೀಕ್ಷೆ ಮಾಡಿಸಿಕೊಂಡ ಗರ್ಭಿಣಿಯ ಅಪಾಯವು ಬಹುಮಟ್ಟಿಗೆ ಹಗಲಿನಲ್ಲಿಯೇ ತಿಳಿದುಬರುತ್ತದೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆಗೆಂದೇ ಮೀಸಲಾಗಿದೆ. ಹೆರಿಗೆಯ ದಿನಾಂಕವನ್ನೂ 108ರ ವಾಹನವನ್ನು ಕರೆಯುವ ಬಗೆಯನ್ನೂ ಪತಿಯು ತಿಳಿದಿದ್ದರೆ, ನಡುರಾತ್ರಿಯ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. ನಮ್ಮಂಥವರ ಮನೆಯ ನಿದ್ದೆಯೂ ಸ್ವಲ್ಪ ಉಳಿಯುತ್ತದೆ.

ಆ ರೈತನು ಮುಂದೊಂದು ಗುರುವಾರ ಕೂಸನ್ನು ಎತ್ತಿಕೊಂಡು ಒಬ್ಬನೇ ಬಂದನು. ಅಂಗಿಯ ಜೇಬಿನಲ್ಲಿ ಮಡಿಸಿದ ತಾಯಿ ಕಾರ್ಡಿದ್ದಿತು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೆಂಡತಿಗೆ ಹೊಟ್ಟೆ ತೊಳಸುವುದೆಂದೂ, ಅವಳು ಅದನ್ನು ಬಿಟ್ಟುಬಿಡುವಂತಿದ್ದಾಳೆಂದೂ ಹೇಳಿದನು. ರಾತ್ರಿ ಊಟವಾದ ಮೇಲೆ ಕೊಡಬೇಕು, ಕಾಫಿ ಚಹಾಗಳೊಡನೆ ಕೊಡಬಾರದು ಎಂದು ತಿಳಿಸಿದೆನು. ಅವನು ಅದನ್ನು ಎರಡು ಬಾರಿ ಬಾಯಲ್ಲಿ ಹೇಳಿಕೊಂಡು, ಕೂಸಿಗೆ ಲಸಿಕೆ ಹಾಕಿಸಲು ಸಾಲಿನಲ್ಲಿ ಹೋಗಿ ನಿಂತನು.