ಇಂದಿನ ಧಮ್ಮ ಚಿಂತನೆ: ದಣಿವು ಶ್ರದ್ಧೆಯ ಅಳತೆಯಲ್ಲ





ಏಪ್ರಿಲ್ 14 ಹತ್ತಿರ ಬಂದಂತೆ ಜಾವಗಲ್, ಅರಸೀಕೆರೆ, ಹಳೇಬೀಡು ಕಡೆಯ ನಮ್ಮ ಹುಡುಗ ಹುಡುಗಿಯರಿಗೆ ಭೀಮಗೀತೆಗಳ ರೆಕಾರ್ಡಿಂಗ್ ಗಡಿಬಿಡಿ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ. ಹಾಗಾಗಿ ಎಂಟು ಹಾಡನ್ನು ಒಂದೇ ದಿನಕ್ಕೆ ಮುಗಿಸೋಣ ಎಂದು ಬೆಳಿಗ್ಗೆ ಕುಳಿತವರು ಮಧ್ಯರಾತ್ರಿ ಏಳುತ್ತಾರೆ. ಹಾಡಿದವರ ಗಂಟಲು ಕಟ್ಟಿರುತ್ತದೆ, ತಮಟೆಯವರ ಬೆರಳು ಊದಿರುತ್ತದೆ. ಕೇಳಿದರೆ, "ಬಾಬಾಸಾಹೇಬರಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ?" ಎನ್ನುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ದೊಡ್ಡದು. ಆದರೆ ದಣಿದಷ್ಟೂ ಶ್ರದ್ಧೆ ಹೆಚ್ಚು ಎಂಬ ಲೆಕ್ಕ ಸರಿಯೇ?

ಇಂಥ ದುಡಿಮೆಗೆ ಕನ್ನಡದಲ್ಲೇ ಹೆಸರಾಂತ ಉದಾಹರಣೆ ಇದೆ. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ 21 ಕನ್ನಡ ಹಾಡುಗಳನ್ನು ಹಾಡಿದರು. ಊಟ, ವಿರಾಮ ಎಲ್ಲ ಸೇರಿಸಿದರೂ ಒಂದು ಹಾಡಿಗೆ ಸರಾಸರಿ 34 ನಿಮಿಷ. ಕೇಳಿದವರು ಬೆರಗಾಗುತ್ತಾರೆ. ಆದರೆ ಆ ದಿನದ ಹಿಂದೆ ಇನ್ನೊಂದು ಲೆಕ್ಕವಿದೆ. ಅವರು ಮೊದಲ ಸಿನಿಮಾ ಹಾಡು ಹಾಡಿದ್ದು 1966ರಲ್ಲಿ. ಆ 12 ಗಂಟೆಗಳನ್ನು ಹೊತ್ತದ್ದು 14 ವರ್ಷಗಳ ಹಾಡುಗಾರಿಕೆಯ ಅನುಭವ. ನಾವು 12 ಗಂಟೆಯನ್ನು ಮಾತ್ರ ಅನುಕರಿಸುತ್ತೇವೆ, 14 ವರ್ಷವನ್ನು ಮರೆಯುತ್ತೇವೆ.

ಭಗವಾನ್ ಬುದ್ಧರ ಸಂಘದಲ್ಲಿ ಸೋಣ ಎಂಬ ಭಿಕ್ಖು ಇದ್ದರು. ಸಿರಿವಂತರ ಮನೆಯವರು, ಪಾದಗಳು ಬಹಳ ಮೃದು. ರಾಜಗೃಹದ ಸೀತವನದಲ್ಲಿ ಅವರು ಬರಿಗಾಲಲ್ಲಿ ಚಂಕ್ರಮಣ ಧ್ಯಾನ ಮಾಡಿ ಮಾಡಿ ಪಾದ ಒಡೆದು ನಡೆದ ದಾರಿಯೆಲ್ಲ ರಕ್ತವಾಯಿತು. ಆದರೂ ಮನಸ್ಸಿಗೆ ವಿಮುಕ್ತಿ ಸಿಗಲಿಲ್ಲ. ಮನೆಗೆ ಮರಳಿಬಿಡೋಣ ಎನ್ನಿಸಿತು. ಸೋಣರು ಹಿಂದೆ ವೀಣೆ ನುಡಿಸುತ್ತಿದ್ದವರು. ಬುದ್ಧರು ಅವರಿಗೆ ಗೊತ್ತಿದ್ದನ್ನೇ ಹಿಡಿದು ಕೇಳಿದರು: ತಂತಿ ಅತಿ ಬಿಗಿಯಾದರೆ ನಾದ ಬರುತ್ತದೆಯೇ? ಅತಿ ಸಡಿಲವಾದರೆ? ಎರಡಕ್ಕೂ ಉತ್ತರ ಇಲ್ಲ ಎಂದೇ. ಹದವಾಗಿ ಬಿಗಿದಾಗ ಮಾತ್ರ ನಾದ. ಅತಿಯಾದ ವೀರ್ಯ ಚಂಚಲತೆ ತರುತ್ತದೆ, ತೀರಾ ಕಡಿಮೆಯಾದದ್ದು ಆಲಸ್ಯ ತರುತ್ತದೆ ಎಂದು ಬುದ್ಧರು ತಿಳಿಸಿದರು. ಇದೇ ಸಮ್ಯಕ್ ವ್ಯಾಯಾಮದ ಹದ.

ಈ ವೀಣೆಯ ಮಾತು ನಮಗೆಲ್ಲ ಗೊತ್ತು. ವಿನಯ ಪಿಟಕದ ಮಹಾವಗ್ಗದಲ್ಲಿ ಇದರ ಮುಂದಿನ ಭಾಗವಿದೆ. ಸೋಣರ ಪಾದ ಕಂಡು ಬುದ್ಧರು ಅವರಿಗೆ ಪಾದರಕ್ಷೆ ತೊಡಲು ಅನುಮತಿ ಕೊಟ್ಟರು. ಸೋಣರು ಒಪ್ಪಲಿಲ್ಲ. ಇಡೀ ಸಂಘಕ್ಕೆ ಅನುಮತಿ ಇದ್ದರೆ ಮಾತ್ರ ತಾನೂ ತೊಡುವೆ ಎಂದರು. ಬುದ್ಧರು ಆ ಅನುಮತಿಯನ್ನು ಎಲ್ಲ ಭಿಕ್ಖುಗಳಿಗೂ ವಿಸ್ತರಿಸಿದರು. ದೇಹದ ನೋವಿಗೆ ಸಿಕ್ಕ ಪರಿಹಾರ ಒಬ್ಬರ ಸವಲತ್ತಾಗಲಿಲ್ಲ, ಎಲ್ಲರ ನಿಯಮವಾಯಿತು.

"ಬಾಬಾಸಾಹೇಬರು ಹಗಲು ರಾತ್ರಿ ದುಡಿಯಲಿಲ್ಲವೇ?" ಎಂದು ಕೇಳುವವರಿದ್ದಾರೆ. ದುಡಿದರು, ಮಧುಮೇಹದ ನೋವಿನಲ್ಲೂ ಬರೆದರು. ಆದರೆ ಅದನ್ನು ಬೇರೆಯವರ ಮೇಲೆ ಹೇರಲಿಲ್ಲ. ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅವರು ತಂದ ಮಸೂದೆಯಿಂದ 1946ರಲ್ಲಿ ಕಾರ್ಖಾನೆ ಕಾನೂನಿಗೆ ತಿದ್ದುಪಡಿಯಾಯಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಅವರ ಹೆಸರಿನ ಹಾಡಿಗೆ ತಮಟೆಯವರನ್ನು ಊಟವಿಲ್ಲದೆ ಮಧ್ಯರಾತ್ರಿವರೆಗೆ ಕೂರಿಸುವುದು ಅವರಿಗೆ ಸಲ್ಲುವ ಗೌರವವೇ?

ಟೇಪಿನ ಕಾಲದಲ್ಲಿ ಒಬ್ಬರು ತಪ್ಪಿದರೆ ಎಷ್ಟೋ ಸಲ ಎಲ್ಲರೂ ಮೊದಲಿಂದ ನುಡಿಸಬೇಕಿತ್ತು. ಆದ್ದರಿಂದ ಮೊದಲೇ ತಾಲೀಮು ಮಾಡುತ್ತಿದ್ದರು. ಈಗ ಕಂಪ್ಯೂಟರ್‌ನಲ್ಲಿ "ಇನ್ನೊಂದು ಟೇಕ್" ಎನ್ನುವುದಕ್ಕೆ ಕೊನೆಯಿಲ್ಲ. ಮಿತಿಯನ್ನು ಯಂತ್ರ ಹಾಕುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ವಾದ್ಯ ನುಡಿಸುವ ಶಿಲ್ಪಗಳು ಶತಮಾನಗಳಿಂದ ಕೈ ಇಳಿಸಿಲ್ಲ. ಅವು ಕಲ್ಲು. ನಮ್ಮವರು ಕಲ್ಲಲ್ಲ.

*ಇಂದಿನ ಅಭ್ಯಾಸ*

1. ಸ್ಟುಡಿಯೋಗೆ ಹೋಗುವ ಮುನ್ನ ಮನೆಯಲ್ಲೇ ತಾಲೀಮು ಮುಗಿಸಿ. ದಿನಕ್ಕೆ ಎಷ್ಟು ಹಾಡು ಎಂದು ಮೊದಲೇ ತೀರ್ಮಾನಿಸಿ.
2. ಏರು ಶ್ರುತಿಯ ಹಾಡನ್ನು ದನಿ ತಾಜಾ ಇರುವಾಗ ಹಾಡಿ. ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದು ಹೊರಗೆ ಬನ್ನಿ, ನೀರು ಕುಡಿಯಿರಿ.
3. ದನಿ ಒಡೆದರೆ ನಿಲ್ಲಿಸಿ. ಊದಿದ ಗಂಟಲಿನಲ್ಲಿ ಒತ್ತಿ ಹಾಡಿದರೆ ಪೆಟ್ಟು ಹೆಚ್ಚುತ್ತದೆ.
4. ದಣಿದ ಕಿವಿಯ ತೀರ್ಪು ನಂಬಬೇಡಿ. ರಾತ್ರಿ ಮುಗಿಸಿದ್ದನ್ನು ಬೆಳಿಗ್ಗೆ ಕೇಳಿ ಒಪ್ಪಿ.
5. ಹಾಡುವವರಿಗೆ ಸಿಕ್ಕ ವಿರಾಮ, ಊಟ, ಸಂಭಾವನೆ ವಾದ್ಯದವರಿಗೂ ಸಿಗಲಿ. ಹಾಡಿನ ಜೊತೆ ಅವರ ಹೆಸರೂ ಬರಲಿ.

ಹಾಡದವರಿಗೂ ಇದು ಅನ್ವಯಿಸುತ್ತದೆ. ಹೊಲದಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಅಡುಗೆಮನೆಯಲ್ಲಿ ದುಡಿಯುವವರು ಇಂದು ಮಲಗುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ನನ್ನ ತಂತಿ ಹದದಲ್ಲಿದೆಯೇ? ನನ್ನಿಂದಾಗಿ ಇನ್ಯಾರ ತಂತಿಯಾದರೂ ಅತಿಯಾಗಿ ಬಿಗಿಯುತ್ತಿದೆಯೇ?

ಭವತು ಸಬ್ಬ ಮಂಗಲಂ.
ಜೈ ಭೀಮ್.