ಸುಳ್ಳು ಕೂಗು, ಸುಳ್ಳು ಮೌನ

ಅಲಾರಂ ಹಾಕಿಸಿಕೊಂಡವರು ನನಗೆ ಬೈಯಲು ಫೋನ್ ಮಾಡುವುದು ಎರಡೇ ಕಾರಣಕ್ಕೆ. ಒಂದು, ಕೂಗಬಾರದ ಹೊತ್ತಿನಲ್ಲಿ ಕೂಗಿತು. ಇನ್ನೊಂದು, ಕೂಗಬೇಕಾದಾಗ ಸುಮ್ಮನಿತ್ತು. ಮೊದಲನೆಯ ಫೋನು ಮಳೆಗಾಲದಲ್ಲಿ ವಾರಕ್ಕೊಂದು ಬರುತ್ತದೆ. ಎರಡನೆಯದು ಇಷ್ಟು ವರ್ಷಗಳಲ್ಲಿ ಎರಡೇ ಸಲ ಬಂದಿದೆ. ಆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಸುತ್ತ ಹಂಚಿನ ಮನೆಗಳಿಗೂ ತಾರಸಿ ಮನೆಗಳಿಗೂ ತಂತಿ ಎಳೆಯುತ್ತ ಕಲಿತದ್ದೆಲ್ಲ ಈ ಎರಡು ಬೈಗುಳದಿಂದಲೇ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ತಂತಿ ಕಡಿದರೂ ಕೂಗಬೇಕು

ಬಾಗಿಲ ಸೆನ್ಸರ್ ಎಂದರೆ ಎರಡು ತುಂಡು. ಬಾಗಿಲಿನ ಮೇಲೆ ಅಯಸ್ಕಾಂತ, ಚೌಕಟ್ಟಿನ ಮೇಲೆ ರೀಡ್ ಸ್ವಿಚ್. ಬೆರಳುಗುರಿನಷ್ಟು ಉದ್ದದ ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ನಾಲಗೆಗಳು. ಅಯಸ್ಕಾಂತ ಹತ್ತಿರವಿದ್ದರೆ ಕೂಡುತ್ತವೆ, ದೂರವಾದರೆ ಬಿಡುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್ವುಡ್ 1936ರಲ್ಲಿ ರೂಪಿಸಿದ ಈ ಸ್ವಿಚ್ಚನ್ನೇ ನಾವು ಇವತ್ತೂ ಹಿತ್ತಿಲ ಬಾಗಿಲಿಗೆ ಹೊಡೆಯುತ್ತಿದ್ದೇವೆ.

ಬಾಗಿಲು ಮುಚ್ಚಿದ್ದಾಗ ಪ್ಯಾನೆಲಿನಿಂದ ಸೆನ್ಸರಿಗೆ ಹೋಗಿಬರುವ ತಂತಿಯ ಲೂಪಿನಲ್ಲಿ ಕರೆಂಟು ಹರಿಯುತ್ತಿರಬೇಕು, ತೆರೆದಾಗ ನಿಲ್ಲಬೇಕು. ಇದಕ್ಕೆ ನಾವು ಎನ್‌ಸಿ, ಅಂದರೆ ನಾರ್ಮಲಿ ಕ್ಲೋಸ್ಡ್, ಅನ್ನುತ್ತೇವೆ. 1853ರಲ್ಲಿ ಅಮೆರಿಕದ ಆಗಸ್ಟಸ್ ಪೋಪ್ ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದಾಗ ಲೆಕ್ಕ ತಿರುವುಮುರುವಾಗಿತ್ತು: ಬಾಗಿಲು ತೆರೆದರೆ ಸರ್ಕ್ಯೂಟ್ ಕೂಡಿ ಗಂಟೆ ಹೊಡೆಯುತ್ತಿತ್ತು. ಅಂಥದ್ದರಲ್ಲಿ ತಂತಿಯನ್ನು ಇಲಿ ಕಡಿದರೆ ಗಂಟೆಗೆ ಗೊತ್ತೇ ಆಗುವುದಿಲ್ಲ. ಎನ್‌ಸಿಯಲ್ಲಿ ಇಲಿ ಕಡಿದರೂ ಕಳ್ಳ ಕತ್ತರಿಸಿದರೂ ಪ್ಯಾನೆಲ್ ಬಾಗಿಲು ತೆರೆದಂತೆಯೇ ಕೂಗುತ್ತದೆ. ಹಂಚಿನ ಮನೆಯ ಅಟ್ಟದಲ್ಲಿ ತಂತಿ ಎಳೆಯುವವನು ಇಲಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

2. ರೆಸಿಸ್ಟರ್ ಇರಬೇಕಾದ್ದು ತಂತಿಯ ಕೊನೆಯಲ್ಲಿ

ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಪ್ರತಿ ಝೋನಿನ, ಅಂದರೆ ಪ್ಯಾನೆಲ್ ಬೇರೆಯಾಗಿ ಕಾಯುವ ಪ್ರತಿ ಲೂಪಿನ, ಕೊನೆಗೆ ಒಂದು ರೆಸಿಸ್ಟರ್ ಬೇಕು. 2.2 ಕಿಲೋ ಓಮ್, 4.7, 5.6, ಹೀಗೆ ಪ್ಯಾನೆಲ್‌ಗೊಂದು ಬೆಲೆ. ಶುರುವಿನಲ್ಲಿ ನಾನು ಎಲ್ಲ ರೆಸಿಸ್ಟರ್‌ಗಳನ್ನೂ ಪ್ಯಾನೆಲ್ ಪೆಟ್ಟಿಗೆಯೊಳಗೇ ಸಾಲಾಗಿ ಕೂಡಿಸುತ್ತಿದ್ದೆ. ಏಣಿ ಹತ್ತುವ ಕೆಲಸ ಉಳಿಯಿತು, ನೋಡಲೂ ಚಂದ.

ಒಂದು ಅಡಿಕೆ ತೋಟದ ಮನೆ. ಒಣಗಿಸಿದ ಅಡಿಕೆ ಮೂಟೆಗಳಿದ್ದ ಕೋಣೆಯ ಬಾಗಿಲಿಗೆ ಸೆನ್ಸರ್ ಹಾಕಿದ್ದೆ. ಆಮೇಲೆ ಯಾರೋ ಗೋಡೆಗೆ ಕ್ಯಾಲೆಂಡರ್ ನೇತುಹಾಕಲು ಮೊಳೆ ಹೊಡೆದರು. ಮೊಳೆ ಕೇಬಲ್ ಕಡಿಯಲಿಲ್ಲ, ಎರಡು ಕೋರುಗಳನ್ನು ಒಂದಕ್ಕೊಂದು ಮುಟ್ಟಿಸಿತು. ಅಂದಿನಿಂದ ಬಾಗಿಲು ತೆರೆದರೂ ಮುಚ್ಚಿದರೂ ಪ್ಯಾನೆಲ್‌ಗೆ ಒಂದೇ. ಮೊಳೆಯ ಮೂಲಕ ಲೂಪು ಕೂಡಿಯೇ ಇತ್ತು, ಅದರ ಕಣ್ಣಿಗೆ ಬೇಕಾದ ರೆಸಿಸ್ಟರ್ ಪೆಟ್ಟಿಗೆಯೊಳಗೇ ಸಿಗುತ್ತಿತ್ತು. ಹಸಿರು ದೀಪ ಉರಿಯುತ್ತಲೇ ಇತ್ತು. ಮೂಟೆಗಳು ಹೋದ ಮೇಲೆ ಆ ಎರಡನೆಯ ಜಾತಿಯ ಫೋನು ಬಂತು.

ರೆಸಿಸ್ಟರ್ ಸೆನ್ಸರಿನ ಪೆಟ್ಟಿಗೆಯೊಳಗೇ ಇದ್ದಿದ್ದರೆ ಮೊಳೆ ಹೊಡೆದ ಗಳಿಗೆಯಲ್ಲೇ ಪ್ಯಾನೆಲ್‌ಗೆ 2.2 ಕಿಲೋ ಓಮ್ ಬದಲು ಸೊನ್ನೆ ಕಾಣುತ್ತಿತ್ತು, ಅದು ಕೂಗುತ್ತಿತ್ತು. ಒಂದು ರೂಪಾಯಿಯೂ ಬಾಳದ ತುಣುಕು. ಅದಕ್ಕಾಗಿ ಏಣಿ ಹತ್ತಿ.

3. ಮಳೆಗಾಲದಲ್ಲಿ ಬಾಗಿಲು ಬೇರೆಯದೇ ಬಾಗಿಲು

ಮಾರ್ಚ್‌ನಲ್ಲಿ ಹಾಕಿದ ಸೆನ್ಸರ್ ಜುಲೈನಲ್ಲಿ ಕೂಗಿದರೆ ಸೆನ್ಸರನ್ನು ಬೈಯಬೇಡಿ, ಮರವನ್ನು ನೋಡಿ. ಮಲೆನಾಡಿನ ಮಳೆಗೆ ಹಲಸಿನ ಬಾಗಿಲು ಉಬ್ಬುತ್ತದೆ, ಚೌಕಟ್ಟಿಗೆ ಪೂರ್ತಿ ಕೂರುವುದಿಲ್ಲ. ಮನೆಯವರು ಮೊಣಕಾಲಲ್ಲಿ ಒತ್ತಿ ಚಿಲಕ ಹಾಕುತ್ತಾರೆ, ಮೇಲ್ತುದಿ ಬೆರಳಗಲ ಹೊರಗೇ ಉಳಿಯುತ್ತದೆ. ಅಯಸ್ಕಾಂತ ದೂರವಾಯಿತು, ರಾತ್ರಿ ಎರಡು ಗಂಟೆಗೆ ಗಾಳಿ ಬೀಸಿತು, ಊರೆಲ್ಲ ಎದ್ದಿತು.

ಸೆನ್ಸರಿನ ಪೊಟ್ಟಣದ ಮೇಲೆ ಅಂತರ 20 ಮಿಲಿಮೀಟರ್ ಎಂದಿದ್ದರೆ ನಾನು ಕೂಡಿಸುವುದು 8ರಿಂದ 10ರೊಳಗೆ. ಉಳಿದದ್ದು ಮಳೆಗೆ ಬಿಟ್ಟ ಜಾಗ. ಸೆನ್ಸರ್ ಬಾಗಿಲಿನ ಮೇಲ್ತುದಿಯಲ್ಲಿ, ತಿರುಗಣಿಗೆ ಎದುರಿನ ಕಡೆ ಇರಬೇಕು. ತಿರುಗಣಿಯ ಪಕ್ಕ ಹಾಕಿದರೆ ಒಬ್ಬ ಆಳು ನುಸುಳುವಷ್ಟು ತೆರೆದರೂ ಅಯಸ್ಕಾಂತ ಅಲ್ಲೇ ಇರುತ್ತದೆ. ಜೋಡಿ ಬಾಗಿಲಾದರೆ ಎರಡಕ್ಕೂ ಒಂದೊಂದು. ಕೆಳಗೆ ಹೊಸ್ತಿಲ ಹತ್ತಿರ ಮಾತ್ರ ಯಾವತ್ತೂ ಬೇಡ. ಅಲ್ಲಿಗೆ ದಿನಾ ಬೆಳಗ್ಗೆ ನೀರು, ಅರಿಸಿನ, ಕುಂಕುಮ ಬೀಳುತ್ತದೆ. ಕಬ್ಬಿಣದ ಬಾಗಿಲು ಅಯಸ್ಕಾಂತದ ಬಲವನ್ನು ತಾನೇ ಎಳೆದುಕೊಳ್ಳುತ್ತದೆ. ಅದಕ್ಕೆಂದೇ ಬರುವ ದೊಡ್ಡ ಸೆನ್ಸರ್ ಹಾಕಿ, ಇಲ್ಲವೇ ಎರಡು ತುಂಡಿನ ಕೆಳಗೂ ಮರದ ಚಕ್ಕೆಯೋ ಪ್ಲಾಸ್ಟಿಕ್ಕೋ ಕೊಟ್ಟು ಎತ್ತರಿಸಿ.

4. ರೀಡ್ ಸ್ವಿಚ್ಚಿಗೆ ಬಲ್ಬಿನ ಭಾರ ಹೊರಿಸಬೇಡಿ

"ಬಾಗಿಲು ಸರಿಯಾಗಿ ಮುಚ್ಚಿದ್ರೆ ಒಂದು ಲೈಟೂ ಹತ್ತಲಿ, ಅದೇ ತಂತಿಗೆ ಸೇರಿಸಿಬಿಡಪ್ಪ" ಎಂದು ಮನೆಗೊಬ್ಬರು ಕೇಳುತ್ತಾರೆ. ಒಮ್ಮೆ ಸೇರಿಸಿಕೊಟ್ಟೆ. ಪ್ಯಾನೆಲಿನ ಲೂಪಿನಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್. ಬಲ್ಬು ಹತ್ತುವ ಕ್ಷಣದ ಕರೆಂಟು ಅದರ ಎಷ್ಟೋ ಪಟ್ಟು. ಗಾಜಿನೊಳಗಿನ ನಾಲಗೆಗಳು ಕಿಡಿ ಹಾರಿ ಬೆಸೆದುಕೊಂಡವು, ಮತ್ತೆ ಬಿಡಲೇ ಇಲ್ಲ. ಬಾಗಿಲು ಹಾರುಹೊಡೆದಿದ್ದರೂ ಪ್ಯಾನೆಲಿನಲ್ಲಿ ಮುಚ್ಚಿದೆ ಎಂದೇ ತೋರುತ್ತಿತ್ತು. ದೀಪ ಬೇಕೆಂದರೆ ನಡುವೆ ರಿಲೇ ಹಾಕಿ.

5. ಪಿಐಆರ್ ಮನುಷ್ಯನನ್ನು ನೋಡುವುದಿಲ್ಲ

ಪಿಐಆರ್ ಎಂದರೆ ಕೋಣೆಯೊಳಗಿನ ಓಡಾಟ ಹಿಡಿಯುವ ಸೆನ್ಸರ್; ಅದು ನೋಡುವುದು ಶಾಖದ ಅಲುಗಾಟವನ್ನು. ನಮ್ಮ ಮೈಯಿಂದ ಹೊರಡುವ ಅತಿಗೆಂಪು ಕಿರಣ ಸುಮಾರು 10 ಮೈಕ್ರಾನ್ ಆಸುಪಾಸಿನದು. ಬಿಳಿ ಪ್ಲಾಸ್ಟಿಕ್ ಲೆನ್ಸು ಕೋಣೆಯನ್ನು ಬೀಸಣಿಗೆಯ ಎಸಳುಗಳಂತೆ ಸೀಳುಸೀಳಾಗಿ ಹಂಚಿಕೊಂಡಿರುತ್ತದೆ. ಬೆಚ್ಚಗಿನದೊಂದು ಒಂದು ಸೀಳಿನಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಜೋಡಿ ಕಣ್ಣುಗಳಲ್ಲಿ ವ್ಯತ್ಯಾಸ ಹುಟ್ಟುತ್ತದೆ, ರಿಲೇ ಬಿಡುತ್ತದೆ.

ಇದು ತಲೆಗೆ ಹೋದರೆ ಜಾಗ ತಾನಾಗಿ ಹೊಳೆಯುತ್ತದೆ. ಅಡ್ಡ ಹಾಯುವವನು ಬೇಗ ಸಿಗುತ್ತಾನೆ, ನೇರ ಎದುರಿಗೆ ಬರುವವನು ತಡವಾಗಿ ಸಿಗುತ್ತಾನೆ. ಆದ್ದರಿಂದ ಹಿತ್ತಿಲ ಬಾಗಿಲಿನ ಎದುರು ಗೋಡೆಗಿಂತ ಪಕ್ಕದ ಮೂಲೆ ಮೇಲು. ಎತ್ತರ ಸುಮಾರು 2.2 ಮೀಟರ್. ಗಾಜಿನಾಚೆ ಅದಕ್ಕೆ ಕಾಣುವುದಿಲ್ಲ. ಕಿಟಕಿಯ ಹೊರಗೆ ನಿಂತವನನ್ನು ಹಿಡಿಯುತ್ತದೆಂದು ಯಾರಿಗೂ ಮಾತು ಕೊಡಬೇಡಿ.

ಬಚ್ಚಲ ಒಲೆ ಕಾಣುವಂತೆ ಪಿಐಆರ್ ಕೂಡಿಸಿ ನಾನು ಒಂದು ವಾರ ಬೈಸಿಕೊಂಡಿದ್ದೇನೆ. ಬೆಳಗಿನ ಜಾವ ಹಂಡೆಗೆ ಉರಿ ಹಾಕಿದರೆ ಸೈರನ್. ದೇವರ ಕೋಣೆಯ ದೀಪ, ಫ್ರಿಜ್ಜಿನ ಬೆನ್ನು, ಬಿಸಿಲು ಬೀಳುವ ಪರದೆ, ಎಲ್ಲವೂ ಅದೇ ಜಾತಿ. ಕಲಬುರಗಿಯಲ್ಲಿ ಒಂದು ಬೇಸಿಗೆ ಕೆಲಸ ಮಾಡಿದಾಗ ಇದರ ಇನ್ನೊಂದು ಮುಖ ಕಂಡೆ. ಗೋಡೆಯೇ ಮೈಚರ್ಮದಷ್ಟು ಕಾದಿರುವಾಗ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ. ಮಧ್ಯಾಹ್ನ ನಾನೇ ನಿಧಾನಕ್ಕೆ ನಡೆದರೂ ಸೆನ್ಸರ್ ಮಿಸುಕಲಿಲ್ಲ. ಅಂಥ ಊರಿಗೆ ಉಷ್ಣಾಂಶಕ್ಕೆ ಹೊಂದಿಕೊಳ್ಳುವ ಪಿಐಆರ್ ಬೇಕು, ಪರೀಕ್ಷೆಯನ್ನು ಸುಡುಬಿಸಿಲಿನಲ್ಲೇ ಮಾಡಬೇಕು.

6. ಹಲ್ಲಿ, ಇರುವೆ, ಕುಂಕುಮ

ಹೊಸನಗರದ ಕಡೆ ಒಬ್ಬ ಅಜ್ಜಿ, "ನಿನ್ನ ಯಂತ್ರ ಪುಕ್ಕಲು ಕಣೋ ತಮ್ಮಾ, ಹಲ್ಲಿಗೂ ಕೂಗ್ತದೆ" ಎಂದರು. ನಕ್ಕು ಸುಮ್ಮನಾಗಬಹುದಿತ್ತು. ಬಿಚ್ಚಿ ನೋಡಿದರೆ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿತ್ತು, ಇರುವೆ ತಿನ್ನಲು ಹಲ್ಲಿ ಲೆನ್ಸಿನ ಮೇಲೆ ಬರುತ್ತಿತ್ತು. ಹತ್ತು ಅಡಿ ಆಚೆಯ ಹಲ್ಲಿ ಪಿಐಆರ್‌ಗೆ ಏನೂ ಅಲ್ಲ, ಕಣ್ಣಿಗೇ ಅಂಟಿದ ಹಲ್ಲಿ ಆನೆ. ತಂತಿ ಒಳಹೋಗುವ ತೂತಿಗೆ ಸಿಲಿಕೋನ್ ತುಂಬಿ. ಬಳಸದ ತೂತುಗಳಿಗೂ ತುಂಬಿ.

ಆಯುಧಪೂಜೆಯ ಮಾರನೇ ದಿನ ಲೆನ್ಸುಗಳ ಮೇಲೊಮ್ಮೆ ಕಣ್ಣಾಡಿಸಿ. ಭಕ್ತಿಯಿಂದ ಇಟ್ಟ ಗಂಧ ಕುಂಕುಮ ನಾಲ್ಕಾರು ಸೀಳುಗಳನ್ನು ಮುಚ್ಚಿರುತ್ತದೆ. ಬೊಟ್ಟು ಪಕ್ಕದ ಗೋಡೆಗೆ ಇಡಲು ಮೊದಲೇ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

7. ಜಾಯಿಂಟ್ ಇರದಿದ್ದರೆ ಒಳ್ಳೆಯದು, ಇದ್ದರೆ ಬೆಸುಗೆ

ಪಿಐಆರ್‌ಗೆ ಆರು ಕೋರಿನ ಕೇಬಲ್: ಎರಡು ಪವರ್‌ಗೆ, ಎರಡು ಅಲಾರಮ್ಮಿಗೆ, ಎರಡು ಟ್ಯಾಂಪರ್‌ಗೆ (ಪೆಟ್ಟಿಗೆ ಬಿಚ್ಚಿದರೆ ಕೂಗಲು). ಯಾವ ಬಣ್ಣ ಯಾವುದಕ್ಕೆ ಎಂಬುದು ಎಲ್ಲ ಮನೆಯಲ್ಲೂ ಒಂದೇ ಆಗಿರಲಿ. ನಡುದಾರಿಯಲ್ಲಿ ಕೇಬಲ್ ಸಾಲದೆ ತಿರುಚಿ ಟೇಪು ಸುತ್ತಿದ ಜಾಯಿಂಟು ಬೇಸಿಗೆಯಲ್ಲಿ ನೆಟ್ಟಗಿರುತ್ತದೆ, ಆಷಾಢದ ತೇವಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಆಮೇಲೆ ಕೂಗುವುದು ಬಾಗಿಲಲ್ಲ, ಆ ಕಿಲುಬು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಪೆಟ್ಟಿಗೆಯೊಳಗೆ ಇಡಿ.

ಪ್ಯಾನೆಲ್‌ಗೆ ಸೇರಿಸುವ ಮೊದಲು ಪ್ರತಿ ಲೂಪನ್ನೂ ಮಲ್ಟಿಮೀಟರಿನಲ್ಲಿ ಅಳೆಯುತ್ತೇನೆ. 0.22 ಚದರ ಮಿಲಿಮೀಟರಿನ ತಾಮ್ರ ಮೀಟರಿಗೆ ಸುಮಾರು 0.08 ಓಮ್. 30 ಮೀಟರ್ ದೂರವೆಂದರೆ ಹೋಗಿಬರಲು 60 ಮೀಟರ್, 5 ಓಮಿನ ಹತ್ತಿರ. ರೆಸಿಸ್ಟರಿನ ಬೆಲೆಯ ಮೇಲೆ ಇಷ್ಟೇ ಹೆಚ್ಚಿರಬೇಕು. ಮೀಟರಿನಲ್ಲಿ ಅಂಕಿ ಕುಣಿಯುತ್ತಿದ್ದರೆ ದಾರಿಯಲ್ಲೆಲ್ಲೋ ಕೆಟ್ಟ ಜಾಯಿಂಟಿದೆ.

8. ಸೈರನ್ನಿನ ತಂತಿ ದಪ್ಪ ಇರಲಿ

ಪಿಐಆರ್ ತಿನ್ನುವುದು 15 ಮಿಲಿಆಂಪಿಯರ್ ಆಸುಪಾಸು. ಅದೇ ತೆಳು ಕೇಬಲಿನಲ್ಲಿ ಏನೂ ಕಳೆಯುವುದಿಲ್ಲ. ಆದರೆ ಅರ್ಧ ಆಂಪಿಯರಿನ ಸೈರನ್ನನ್ನು 40 ಮೀಟರ್ ದೂರಕ್ಕೆ ಅದರಲ್ಲೇ ಎಳೆದರೆ 6.4 ಓಮಿನಲ್ಲಿ 3.2 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಬ್ಯಾಟರಿಯ 12ರಲ್ಲಿ ಸೈರನ್ನಿಗೆ ತಲುಪುವುದು 9ಕ್ಕಿಂತ ಕಡಿಮೆ. ನೆಗಡಿಯಾದ ಕೋಳಿಯಂತೆ ಕೂಗುತ್ತದೆ. ಸೈರನ್ನಿಗೆ 0.75 ಚದರ ಮಿಲಿಮೀಟರ್ ಹಾಕಿ.

230 ವೋಲ್ಟಿನ ತಂತಿ ಇರುವ ಪೈಪಿನಲ್ಲಿ ಅಲಾರಂ ಕೇಬಲ್ ತೂರಿಸಬೇಡಿ, ವೈರ್‌ಮನ್ ಎಷ್ಟೇ ಒತ್ತಾಯ ಮಾಡಲಿ. ಮುಂಗಾರು ಪೂರ್ವದ ಸಿಡಿಲಿನ ಸೀಮೆ ನಮ್ಮದು. ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಮನೆಗೋ ಎಳೆದ ಉದ್ದ ತಂತಿ, ದೂರದಲ್ಲಿ ಸಿಡಿಲು ಬಡಿದರೂ ಪ್ಯಾನೆಲನ್ನು ಸುಟ್ಟಿದ್ದುಂಟು. ಬೇರೆ ಕಟ್ಟಡಕ್ಕೆ ನಾನೀಗ ವೈರ್‌ಲೆಸ್ ಸೆನ್ಸರೇ ಹಾಕುತ್ತೇನೆ. ಅದರ ಸೆಲ್ಲು ಯಾವಾಗ ಬದಲಿಸಬೇಕೆಂದು ಗೋಡೆಯ ಮೇಲೆ ಬರೆದಿಡುತ್ತೇನೆ.

9. ಬ್ಯಾಟರಿಯ ಲೆಕ್ಕ ಮಳೆಗಾಲದ ಲೆಕ್ಕ

ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಇಡೀ ವ್ಯವಸ್ಥೆ 200 ಮಿಲಿಆಂಪಿಯರ್ ತಿಂದರೆ ಕಾಗದದ ಮೇಲೆ 35 ಗಂಟೆ. ಮೂರು ವರ್ಷ ಹಳೆಯದಾದರೆ ಅದರ ಅರ್ಧವನ್ನು ನಂಬಿದರೆ ಸಾಕು. ಮರ ಬಿದ್ದು ಲೈನು ಹೋದರೆ ನಮ್ಮ ಹಳ್ಳಿಗಳಲ್ಲಿ ಎರಡು ದಿನ ಕರೆಂಟಿರುವುದಿಲ್ಲ. ಎರಡನೆಯ ರಾತ್ರಿ ಮನೆ ಕಾಯುವವರು ಯಾರು? ನನಗೆ ಬಂದ ಆ ಜಾತಿಯ ಎರಡನೇ ಫೋನು ಇಂಥದೇ ರಾತ್ರಿಯದು. ಅಂದಿನಿಂದ ಬ್ಯಾಟರಿ ಕೂಡಿಸಿದ ತಾರೀಕನ್ನು ಅದರ ಮೈಮೇಲೆ ಬರೆಯುತ್ತೇನೆ, ಮೂರನೇ ಮಳೆಗಾಲದ ಮೊದಲು ಬದಲಿಸುತ್ತೇನೆ. ಮನೆಯ ಯುಪಿಎಸ್ ಇದ್ದರೆ ಪ್ಯಾನೆಲನ್ನು ಅದರ ಲೈನಿಗೇ ಕೊಡುತ್ತೇನೆ.

10. ಒಂದು ಬಾಗಿಲಿಗೆ ಒಂದು ಝೋನ್, ಪೆಟ್ಟಿಗೆಯೊಳಗೊಂದು ನಕ್ಷೆ

ಆರು ಕಿಟಕಿಗಳನ್ನು ಒಂದೇ ಝೋನಿಗೆ ಸರಣಿಯಾಗಿ ಪೋಣಿಸಬಹುದು. ಕೊನೆಯ ಕಿಟಕಿಯಲ್ಲಿ ಒಂದೇ ರೆಸಿಸ್ಟರ್. ಆದರೆ ಕೂಗಿದಾಗ ಯಾವ ಕಿಟಕಿ ಎಂದು ಪ್ಯಾನೆಲ್ ಹೇಳಲಾರದು. ಬಾಗಿಲುಗಳಿಗೂ ಪಿಐಆರ್‌ಗಳಿಗೂ ಬೇರೆ ಬೇರೆ ಝೋನ್ ಕೊಡಿ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂದು ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ. ಐದು ವರ್ಷದ ಮೇಲೆ ಬರುವವನು ನೀವೇ ಆದರೂ ನಿಮಗೆ ನೆನಪಿರುವುದಿಲ್ಲ.

11. ಕೀಲಿಮಣೆ ಅಜ್ಜಿಯ ಕೈಗೆ ಒಪ್ಪಬೇಕು

ಒಳಬಂದವರಿಗೆ ಕೋಡ್ ಒತ್ತಲು 30 ಸೆಕೆಂಡು ಕೊಡುವುದು ವಾಡಿಕೆ. ಕನ್ನಡಕ ಹುಡುಕುವ ಕೈಗೆ ಅದು ಸಾಲದು. ಎರಡು ಸಲ ಸೈರನ್ ಕೂಗಿ ಅಕ್ಕಪಕ್ಕದವರು ಓಡಿಬಂದರೆ ಮೂರನೆಯ ದಿನ ಮನೆಯವರು ಅಲಾರಮ್ಮನ್ನು ಹಾಕುವುದೇ ಇಲ್ಲ. ಸುಳ್ಳು ಕೂಗು ಸುಳ್ಳು ಮೌನವನ್ನು ಹೆರುವುದು ಹೀಗೆ. ನನ್ನ ಅತ್ಯುತ್ತಮ ವೈರಿಂಗ್ ಎಷ್ಟೋ ಮನೆಗಳಲ್ಲಿ ಈ ಕಾರಣಕ್ಕೇ ಆಫ್ ಆಗಿ ಕೂತಿದೆ. ಈಗ 45 ಸೆಕೆಂಡು ಕೊಡುತ್ತೇನೆ, ಹೊರಡುವ ಮೊದಲು ಮನೆಯ ಅತಿ ಹಿರಿಯರ ಕೈಯಲ್ಲಿ ಮೂರು ಸಲ ಒತ್ತಿಸುತ್ತೇನೆ.

12. ತಿಂಗಳಿಗೊಮ್ಮೆ ಕಳ್ಳರಾಗಿ

ಸುಮ್ಮನಿರುವ ಸೆನ್ಸರ್ ಬದುಕಿದೆಯೋ ಸತ್ತಿದೆಯೋ ನೋಡಿ ಹೇಳಲು ಬರುವುದಿಲ್ಲ. ಪ್ರತಿ ಬಾಗಿಲನ್ನೂ ತೆರೆದು, ಪ್ರತಿ ಕೋಣೆಯಲ್ಲೂ ಅಡ್ಡ ಹಾಯ್ದು, ಪ್ಯಾನೆಲಿನಲ್ಲಿ ಆಯಾ ಝೋನ್ ಹೊತ್ತಿತೇ ಎಂದು ನೋಡಬೇಕು. ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮಾಡುವುದಿಲ್ಲ. ಮಾಡುವವರು ಆ ಹೊಸನಗರದ ಅಜ್ಜಿ ಮಾತ್ರ. ಅವರ ಮಗ ಪೇಟೆಯ ಅಂಗಡಿಗೆ ಅಮಾವಾಸ್ಯೆ ಪೂಜೆ ಮಾಡುವ ದಿನ ಇವರು ಮನೆಯಲ್ಲಿ ಹಿತ್ತಿಲ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಬಾಗಿಲು ತೆರೆದು ಮುಚ್ಚುತ್ತಾರೆ, ಮೊಮ್ಮಗಳು ಪ್ಯಾನೆಲಿನ ಮುಂದೆ ನಿಂತು ಝೋನಿನ ನಂಬರು ಕೂಗುತ್ತಾಳೆ. ಕಳೆದ ಶ್ರಾವಣದಲ್ಲಿ ಅಜ್ಜಿಯ ಫೋನು ಬಂತು: "ತಮ್ಮಾ, ನಾಲ್ಕನೇದು ಮಾತಾಡ್ತಾ ಇಲ್ಲ." ಹೋಗಿ ನೋಡಿದರೆ ಅಟ್ಟದ ಬಾಗಿಲಿನ ಅಯಸ್ಕಾಂತ ಯಾವಾಗಲೋ ಬಿದ್ದು ರೀಡ್ ಸ್ವಿಚ್ಚಿಗೇ ಅಂಟಿಕೊಂಡು ಕೂತಿತ್ತು. ಬಾಗಿಲು ತೆರೆದರೂ ಅದು ಅಲ್ಲೇ. ಎರಡು ಸ್ಕ್ರೂ ಬಿಗಿದೆ. ಅಜ್ಜಿ ಅಟ್ಟದ ಬಾಗಿಲು ತೆರೆದರು, ಕೆಳಗಿನಿಂದ ಮೊಮ್ಮಗಳು "ನಾಲ್ಕು" ಎಂದಳು. ಆಮೇಲೆ ಕಾಫಿ ಬಂತು.