ಜತ್ತ ಸೀಮೆಯ ಖಾನಾವಳಿಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನಾವು ಮೈಸೂರು ಕಡೆಯವರು. ಗುಡ್ಡಾಪುರದ ದಾನಮ್ಮನ ದರ್ಶನ ಮುಗಿಸಿಕೊಂಡು ದರಿಬಡಚಿಯ ಬೀಗರ ಮನೆಗೆ ಹೋಗುವವರಿದ್ದೇವೆ. ದಾರಿಯಲ್ಲಿ ಸಣ್ಣ ಖಾನಾವಳಿಗಳಲ್ಲೇ ಉಣ್ಣಬೇಕೆಂದಿದೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಅಲ್ಲಿನ ಬಾಸ್ಕ್ ಹೋಟೆಲಿಗೆ ಕರೆದೊಯ್ಯುವ ಮುಂಚೆ ಏನೇನು ತರಿಸಬೇಕೆಂದು ಹೇಳಿಕೊಟ್ಟಿದ್ದ. ಜತ್ತದ ಕಡೆಯ ಊಟಕ್ಕೆ ಅಂಥ ಸಲಹೆ ಬೇಕಾಗಿದೆ. ಖಾರ ನಮಗೆ ಅಷ್ಟಾಗಿ ಆಗದು.

ಉತ್ತರ: ಖಾನಾವಳಿಯಲ್ಲಿ ಒಂದೊಂದೇ ಪದಾರ್ಥ ಆರಿಸಲು ಹೋಗಬೇಡಿ, ಊಟ ಕೇಳಿ. "ರೊಟ್ಟಿ ಊಟ ಐತೇನ್ರಿ? ಇವತ್ತ ಪಲ್ಯ ಏನ್ ಮಾಡೀರಿ?" ಇಷ್ಟು ಕೇಳಿದರೆ ಸಾಕು. ಗೋಡೆಯ ಮೇಲಿನ ಫಲಕ ಮರಾಠಿಯಲ್ಲಿರಬಹುದು, ಅದಕ್ಕೆ ಅಂಜಬೇಡಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದ್ದರೂ ಜತ್ತ ತಾಲ್ಲೂಕಿನ ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ನೀವು ಕನ್ನಡದಲ್ಲಿ ಮಾತಾಡಿಸಿದರೆ ಬಡಿಸುವವರು ಒಳಗಿನ ಒಲೆಯ ಮೇಲೆ ಏನಿದೆ ಎಂಬುದನ್ನೂ ಹೇಳುತ್ತಾರೆ. ಫಲಕದಲ್ಲಿ ಪನೀರ್ ಮಸಾಲಾ, ಕಾಜು ಕರಿ ಇದ್ದೇ ಇರುತ್ತವೆ. ಅವು ಮೈಸೂರಿನಲ್ಲೂ ಸಿಗುತ್ತವೆ, ಇಲ್ಲಿ ತರಿಸಬೇಡಿ.

ಇಲ್ಲಿಯ ಊಟದಲ್ಲಿ ದೊಡ್ಡದು ಜೋಳ. ಮಳೆ ಕಡಿಮೆಯಾದ ಈ ನೆಲದಲ್ಲಿ ಹಿಂಗಾರಿ ಬಿಳಿಜೋಳ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತದೆ. ಪಕ್ಕದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಮಾಲದಂಡಿ ತಳಿ. ಅದರ ರೊಟ್ಟಿ ಬೆಳ್ಳಗೆ, ಮೆತ್ತಗೆ ಇದ್ದು ತುಸು ಸಿಹಿಯಾಗಿರುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಿ, ಕೈಯಲ್ಲಿ ಬಡಿಯುತ್ತಾರೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಹಾಗಾಗಿ ಖಾನಾವಳಿಯನ್ನು ಅಳೆಯಲು ನನ್ನ ಒಂದೇ ಪರೀಕ್ಷೆ: ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆಯೇ? ಕೇಳಿದರೆ ಕೂತುಬಿಡಿ. ಒಟ್ಟಿಗೇ ಎರಡು ರೊಟ್ಟಿ ಹಾಕಿಸಿಕೊಳ್ಳಬೇಡಿ. ಒಂದು ಮುಗಿದ ಮೇಲೆ ಇನ್ನೊಂದು ಬಿಸಿಯಾಗಿ ಬರಲಿ. ಚಳಿಗಾಲವಾದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ವಿಚಾರಿಸಿ.

ಪಲ್ಯಗಳಲ್ಲಿ ಎಣಗಾಯಿಗೆ ಮೊದಲ ಮನ್ನಣೆ. ಸಣ್ಣ ಬದನೆಯನ್ನು ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿದ್ದು. ಎಣ್ಣೆ ಮೇಲೆ ತೇಲುವುದನ್ನು ಕಂಡು ಹಿಂಜರಿಯಬೇಡಿ, ಒಣ ರೊಟ್ಟಿಗೆ ಆ ಎಣ್ಣೆ ಬೇಕು. ಜೊತೆಗೆ ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಇರುತ್ತದೆ. ಪುಂಡಿಪಲ್ಯ ಇದೆ ಎಂದರೆ ಬಿಡಲೇಬೇಡಿ, ಆ ಹುಳಿ ನಿಮ್ಮ ಕಡೆ ಸುಲಭವಾಗಿ ಸಿಗದು. ಏನೂ ಉಳಿದಿಲ್ಲ ಎಂದರೂ ಜುಣಕ ಮಾಡಿಕೊಡುತ್ತಾರೆ. ಕಡಲೆಹಿಟ್ಟು, ಉಳ್ಳಾಗಡ್ಡಿ, ಒಗ್ಗರಣೆ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಆಗುವ ಪದಾರ್ಥ ಅದು. ಅದನ್ನು ಕೊನೆಯ ಆಯ್ಕೆ ಎಂದು ಕೀಳಾಗಿ ನೋಡುವವರಿದ್ದಾರೆ. ನನಗಂತೂ ಬಿಸಿ ರೊಟ್ಟಿ, ಜುಣಕ, ಮೇಲೊಂದು ಹಸಿ ಉಳ್ಳಾಗಡ್ಡಿ ಈ ಸೀಮೆಯ ಅತ್ಯುತ್ತಮ ಊಟ. ಸಾಂಗ್ಲಿ, ಇಸ್ಲಾಂಪುರದ ಧಾಬಾಗಳಲ್ಲಿ ಹೆಸರಾದ ಅಖ್ಖಾ ಮಸೂರ, ಅಂದರೆ ಇಡೀ ಮಸೂರಕಾಳಿನ ಪಲ್ಯ, ಜತ್ತದ ರಸ್ತೆಯಲ್ಲೂ ಕಂಡರೆ ಒಂದು ತರಿಸಿ ಹಂಚಿಕೊಳ್ಳಿ.

ಇನ್ನು ಖಾರದ ಮಾತು. ಎಲ್ಲ ಖಾರವೂ ಒಂದೇ ಅಲ್ಲ. ಖರ್ಡಾ, ಅಂದರೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಠೇಚಾ, ನಾಲಿಗೆಯನ್ನು ಸುಟ್ಟೇ ಬಿಡುತ್ತದೆ. ನೀವು ಅದರಿಂದ ದೂರವಿರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿಗಳು, ಸೌಮ್ಯ. ಹಿಂಡಿಯ ನಡುವೆ ಗುಳಿ ಮಾಡಿ ಗಟ್ಟಿ ಮೊಸರು ಹಾಕಿ ಕಲಸಿ ತಿನ್ನಿ, ಮಕ್ಕಳೂ ತಿನ್ನುತ್ತಾರೆ. ನೀರು ಕುಡಿದರೆ ಖಾರ ತಣಿಯದು. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಪದಾರ್ಥಕ್ಕೆ ಬಗ್ಗುತ್ತದೆ. ಆದ್ದರಿಂದ ಕೂರುತ್ತಲೇ ಮೊಸರು ಹೇಳಿಡಿ.

ನಿಮ್ಮ ಮಗ ಕರೆದೊಯ್ದ ಬಾಸ್ಕ್ ಹೋಟೆಲಿನ ಕಥೆಗೂ ಈ ಊಟಕ್ಕೂ ನಂಟಿದೆ. ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನಿಂದ ಅಮೆರಿಕಕ್ಕೆ ಹೋಗಿ ಕುರಿ ಕಾಯ್ದವರು ತಂಗಿ ಉಣ್ಣುತ್ತಿದ್ದ ವಸತಿಗೃಹಗಳೇ ಮುಂದೆ ಹೋಟೆಲುಗಳಾದವು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನ ನೊರಿಯೆಗಾ ಹೋಟೆಲು 1893ರಲ್ಲಿ ಶುರುವಾಗಿ 2020ರಲ್ಲಿ ಮುಚ್ಚಿತು. ಅಲ್ಲಿ ಗೊತ್ತಾದ ಹೊತ್ತಿಗೆ ಗಂಟೆ ಬಾರಿಸಿದರೆ ಉದ್ದನೆಯ ಮೇಜಿನ ಮೇಲೆ ಸೂಪು, ಬೀನ್ಸು, ಬ್ರೆಡ್ಡು ಎಲ್ಲರ ನಡುವೆ ಬರುತ್ತಿದ್ದವು. ಅಂಥ ಹೋಟೆಲುಗಳಲ್ಲೂ ಜಾಣರು ಮೊದಲು ಕೇಳುವುದು ಆ ಒಟ್ಟು ಊಟವನ್ನೇ, ಮಾಂಸ ಆಮೇಲೆ. ಜತ್ತವೂ ಕುರಿಗಾರರ ಸೀಮೆ. ಬಾಗಿದ ಮೂಗಿನ, ಎತ್ತರದ ಮಾಡಗ್ಯಾಳ ಕುರಿ ತನ್ನ ಹೆಸರು ಪಡೆದದ್ದು ಇದೇ ತಾಲ್ಲೂಕಿನ ಹಳ್ಳಿಯಿಂದ. ಬರಗಾಲದಲ್ಲಿ ಹಿಂಡು ಹೊಡೆದುಕೊಂಡು ದೂರ ಹೋಗುವವರಿಗೆ ಬುತ್ತಿಯಾದದ್ದು ಒಣಗಿದ ಕಟಕ ರೊಟ್ಟಿ ಮತ್ತು ಹಿಂಡಿ, ಎರಡೂ ದಿನಗಟ್ಟಲೆ ಕೆಡವು.

ಮಾಂಸ ಉಣ್ಣುವವರಾದರೆ ಲಿಂಗಾಯತ ಖಾನಾವಳಿಯಲ್ಲಿ ಕೇಳಬೇಡಿ, ಅದಕ್ಕೆ ಬೇರೆ ಹೋಟೆಲುಗಳಿವೆ. ಅಲ್ಲಿ ಮಟನ್ ಥಾಳಿ ಹೇಳಿ: ಸುಕ್ಕಾ, ತಾಂಬಡಾ ರಸ್ಸಾ (ಕೆಂಪು ಸಾರು), ರೊಟ್ಟಿ ಒಟ್ಟಿಗೆ ಬರುತ್ತವೆ. ಪಾಂಢರಾ ರಸ್ಸಾ ಸಿಕ್ಕರೆ ನಿಮಗೆ ಅದೇ ಒಳ್ಳೆಯದು, ಬಿಳಿ ಸಾರು, ಖಾರ ಕಡಿಮೆ. ಕೋಳಿಗಿಂತ ಕುರಿಗೇ ಹಣ ಕೊಡಿ.

ಗುಡ್ಡಾಪುರಕ್ಕೆ ಛಟ್ಟಿ ಅಮಾವಾಸ್ಯೆಯ ಸುಮಾರಿಗೆ ಹೋಗಬೇಡಿ ಎನ್ನಲಾರೆ, ವಿಜಯಪುರದ ಕಡೆಯಿಂದ ಭಕ್ತರು ನಡೆದುಕೊಂಡೇ ಬರುವ ಕಾಲ ಅದು. ಆದರೆ ಆಗ ಖಾನಾವಳಿಯಲ್ಲಿ ಜಾಗ ಸಿಗುವುದು ಕಷ್ಟ. ಉಳಿದ ದಿನ ಮಧ್ಯಾಹ್ನ ಒಂದರೊಳಗೆ ಮುಟ್ಟಿ, ಮೂರರ ಹೊತ್ತಿಗೆ ಪಲ್ಯ ಖಾಲಿಯಾಗಿರುತ್ತದೆ. ಕೂರುವ ಮುಂಚೆ ದರ ಕೇಳಿ, ಜೊತೆಗೆ ಊಟಕ್ಕೆ ಎಷ್ಟು ರೊಟ್ಟಿ, ಹೆಚ್ಚಿನದಕ್ಕೆ ಬೇರೆ ಲೆಕ್ಕವೋ ಎಂದೂ ಕೇಳಿ. ಅದರಲ್ಲಿ ಸಂಕೋಚವಿಲ್ಲ, ಅಲ್ಲಿಯವರೂ ಕೇಳುತ್ತಾರೆ. ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಮಾತ್ರ ಉಳಿಸಿಕೊಳ್ಳಿ. ದರಿಬಡಚಿಯ ಬೀಗರು ಶೇಂಗಾ ಹೋಳಿಗೆ ತುಪ್ಪ ಇಟ್ಟು ಕಾಯುತ್ತಿರುತ್ತಾರೆ, ಜನವರಿಯಾದರೆ ಹೊಲಕ್ಕೆ ಕರೆದೊಯ್ದು ಸೀತನಿಯನ್ನೂ, ಅಂದರೆ ಎಳೆ ಜೋಳದ ತೆನೆಯನ್ನು, ಸುಟ್ಟು ಕೊಡುತ್ತಾರೆ.